ಮಲೆನಾಡು ಸುತ್ತಲು ಬಾಡಿಗೆ ಕ್ಯಾರವಾನ್: ಕುಟುಂಬಕ್ಕೆ ಎಷ್ಟು ಅನುಕೂಲ?

ಶಿವಮೊಗ್ಗದಿಂದ ಸಕ್ರೆಬೈಲು, ಜೋಗ, ಆಗುಂಬೆಗಳನ್ನು ಸುತ್ತಿಬರಲು ನಮ್ಮ ಕುಟುಂಬವು ಚಾಲಕಸಹಿತ ಕ್ಯಾರವಾನೊಂದನ್ನು, ಅಂದರೆ ಹಾಸಿಗೆ, ಒಲೆ, ಶೌಚಾಲಯಗಳಿರುವ ವಾಹನವೊಂದನ್ನು, ಬಾಡಿಗೆಗೆ ಪಡೆದಿತ್ತು. ಮಂಡಿನೋವಿರುವ ನಮ್ಮ ಅತ್ತೆಯವರಿಗೆ ಇಷ್ಟು ನೆಮ್ಮದಿಯ ಪ್ರಯಾಣ ಹಿಂದೆಂದೂ ಸಿಕ್ಕಿರಲಿಲ್ಲ. ಹಾಸಿಗೆ ಅಗಲವಾಗಿದೆ, ಗ್ಯಾಸ್ ಒಲೆಯ ಸುತ್ತ ಪಾತ್ರೆ ಜಾರದಂತೆ ಕಂಬಿ ಕೂರಿಸಿದ್ದಾರೆ. 253 ಮೀಟರ್ ಎತ್ತರದಿಂದ ಧುಮುಕುವ ಜೋಗವನ್ನು ನೋಡಿ ಮಳೆಯಲ್ಲಿ ತೊಯ್ದು ಬಂದ ಮಕ್ಕಳಿಗೆ ಅಲ್ಲೇ ಬಿಸಿಬಿಸಿ ಕಷಾಯ ಮಾಡಿಕೊಡಲು ಸಾಧ್ಯವಾಯಿತು. ಆದರೆ ಶೌಚಾಲಯದ ತೊಟ್ಟಿ ಚಿಕ್ಕದು, ಅದನ್ನು ಎಲ್ಲಿ ಖಾಲಿ ಮಾಡಬೇಕೆಂಬುದಕ್ಕೆ ಬಾಡಿಗೆಗೆ ಕೊಟ್ಟವರ ಬಳಿ ಸ್ಪಷ್ಟ ಉತ್ತರವಿರಲಿಲ್ಲ. 1872ರಲ್ಲಿ ಸ್ಥಾಪನೆಯಾದ ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಫಿಶಿಂಗ್ ಬ್ರಿಜ್ ತಂಗುದಾಣದಲ್ಲಿ ಇಂಥ ವಾಹನಗಳಿಗೆ ವಿದ್ಯುತ್, ನೀರು, ಒಳಚರಂಡಿ ಮೂರರ ಸಂಪರ್ಕವೂ ಇದೆ. ತುಂಗಾ, ಶರಾವತಿಯರ ಸೀಮೆಯಲ್ಲಿ ತೊಟ್ಟಿಯ ಕೊಳೆ ಯಾವುದೋ ಹಳ್ಳಕ್ಕೆ ಸೇರಬಹುದೆಂದು ಊಹಿಸಿಕೊಂಡರೇ ಸಂಕಟವಾಗುತ್ತದೆ. ಆಗುಂಬೆ ಘಾಟಿಯ ಕಡಿದಾದ ತಿರುವುಗಳಿಗೆ ಈ ಗಾತ್ರದ ವಾಹನ ಹೊಂದುವುದಿಲ್ಲವೆಂದು ಚಾಲಕರು ಕೆಳಗಿಳಿಯದೆ ಊರಲ್ಲೇ ನಿಲ್ಲಿಸಿದ್ದು ಮೆಚ್ಚತಕ್ಕ ವಿವೇಕ. ವಯಸ್ಸಾದವರಿರುವ ಮನೆಯವರು ಧಾರಾಳವಾಗಿ ಈ ಸೇವೆಯನ್ನು ಪಡೆಯಬಹುದು, ಆದರೆ ತೊಟ್ಟಿಯ ವಿಲೇವಾರಿಯ ಬಗ್ಗೆ ಲಿಖಿತ ಉತ್ತರ ಪಡೆದ ಮೇಲೆಯೇ ಮುಂಗಡ ಕೊಡಿ.