ಹಾಸನದಲ್ಲಿ ಮಗಳಿಗೆ ಮಾಡಿಸಿದ ಪರ್ಸನಾಲಿಟಿ ಟೆಸ್ಟ್

ಪಿಯುಸಿ ಮುಗಿಸಿದ ಮಗಳಿಗೆ ಇಲ್ಲಿನ ಒಂದು ಕೌನ್ಸೆಲಿಂಗ್ ಸೆಂಟರ್‌ನಲ್ಲಿ ಟೆಸ್ಟ್ ಮಾಡಿಸಿದೆ. ಫೀಸು 1,500 ರೂಪಾಯಿ. ಪ್ರಶ್ನೆಗಳೆಲ್ಲ ಕನ್ನಡದಲ್ಲೇ ಇದ್ದವು, ಅದು ಇಷ್ಟವಾಯಿತು. ಆದರೆ ಜನರ ಸ್ವಭಾವವನ್ನು 16 ಬಗೆಯಾಗಿ ವಿಂಗಡಿಸಿ, ಅದರಲ್ಲಿ ಒಂದನ್ನು ಅವಳಿಗೆ ಹಚ್ಚಿ, "ಇವಳು ಅಂತರ್ಮುಖಿ, ಹುಟ್ಟುಗುಣ, ಬದಲಾಗಲ್ಲ, ನರ್ಸಿಂಗ್ ಬೇಡ" ಅಂದುಬಿಟ್ಟರು. ಮಗಳು ದಾರಿಯುದ್ದಕ್ಕೂ ಮಾತಾಡಲಿಲ್ಲ.

ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ, ಜನರ ಸ್ವಭಾವದಲ್ಲಿ ಕಾಣುವ ವ್ಯತ್ಯಾಸಕ್ಕೆ ವಂಶವಾಹಿ ಕಾರಣವಾಗುವುದು ಹೆಚ್ಚುಕಮ್ಮಿ ಅರ್ಧದಷ್ಟೇ. ವಯಸ್ಸಾದಂತೆ ಸ್ವಭಾವ ನಿಧಾನವಾಗಿ ಬದಲಾಗುತ್ತದೆ ಕೂಡ. ಇದನ್ನು ಹೇಳಬೇಕಿತ್ತು ಅಲ್ವಾ?

ಹಾಸನಾಂಬೆ ದರ್ಶನದ ದಿನಗಳಲ್ಲಿ ನಮ್ಮ ಬಳೆ ಅಂಗಡಿಯಲ್ಲಿ ಇದೇ ಹುಡುಗಿ ಕೂತಿದ್ದಳು. ಮೊದಲ ದಿನ ತಲೆ ಎತ್ತಲಿಲ್ಲ. ನಾಲ್ಕನೇ ದಿನ ಅಜ್ಜಿಯೊಬ್ಬರ ಕೈ ಹಿಡಿದು, ನೋವಾಗದಂತೆ ಬಳೆ ತೊಡಿಸುತ್ತಾ ಊರು ಕೇರಿ ವಿಚಾರಿಸುತ್ತಿದ್ದಳು. ನರ್ಸಿಂಗ್‌ಗೆ ಅರ್ಜಿ ಹಾಕಿಸಿದ್ದೇನೆ. ಸೆಂಟರ್‌ಗೆ ಎರಡು ಸ್ಟಾರ್.