ಪರಿವಿಡಿಯ ಪುಟಸಂಖ್ಯೆಗಳನ್ನು ಒಂದೇ ನೇರಕ್ಕೆ ತರುವ ವಿಧಾನಗಳು: ಒಂದು ಹೋಲಿಕೆ

ವರದಿ, ಸಂಶೋಧನಾ ಪ್ರಬಂಧ ಅಥವಾ ಪುಸ್ತಕದ ಕರಡು ಸಿದ್ಧಪಡಿಸುವವರಿಗೆ ಕೆಲಸದ ಕೊನೆಯಲ್ಲಿ ಎದುರಾಗುವ ಕಿರಿಕಿರಿಗಳಲ್ಲಿ ಪರಿವಿಡಿಯ ಜೋಡಣೆಯೂ ಒಂದು. ಅಧ್ಯಾಯಗಳ ಹೆಸರುಗಳು ಎಡಬದಿಯಲ್ಲಿ ಸರಿಯಾಗಿಯೇ ನಿಂತಿರುತ್ತವೆ. ಬಲಬದಿಯ ಪುಟಸಂಖ್ಯೆಗಳು ಮಾತ್ರ ಒಂದು ಸಾಲಿನಲ್ಲಿ ಅರ್ಧ ಅಕ್ಷರದಷ್ಟು ಒಳಕ್ಕೂ ಮತ್ತೊಂದರಲ್ಲಿ ಅಷ್ಟೇ ಹೊರಕ್ಕೂ ಸರಿದು ಪುಟವೆಲ್ಲ ಅಂಕುಡೊಂಕಾಗಿ ಕಾಣುತ್ತದೆ. ಇದನ್ನು ಸರಿಪಡಿಸಲು ಜನ ಬಳಸುವ ದಾರಿಗಳು ಹಲವು. ಅವುಗಳಲ್ಲಿ ಮುಖ್ಯವಾದವನ್ನು ಒಂದೇ ಕಡತದ ಮೇಲೆ ಪ್ರಯೋಗಿಸಿ ನೋಡಿ, ಯಾವುದು ಎಲ್ಲಿಯವರೆಗೆ ನಿಲ್ಲುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಪ್ರಯೋಗದ ಕಡತವನ್ನು ಬೇಕೆಂದೇ ತುಸು ತೊಡಕಿನದಾಗಿ ಮಾಡಿಕೊಂಡೆ. ಎ4 ಹಾಳೆಯ ಅಗಲ 21 ಸೆಂ.ಮೀ.; ಬೈಂಡಿಂಗಿಗೆಂದು ಎಡಕ್ಕೆ 3.81 ಸೆಂ.ಮೀ., ಬಲಕ್ಕೆ 2.54 ಸೆಂ.ಮೀ. ಮಾರ್ಜಿನ್ ಬಿಟ್ಟರೆ ಬರಹಕ್ಕೆ ಉಳಿಯುವುದು 14.65 ಸೆಂ.ಮೀ. ಈ ಅಂಕಿ ಮುಂದೆ ಮತ್ತೆ ಮತ್ತೆ ಬೇಕಾಗುತ್ತದೆ. ಶೀರ್ಷಿಕೆಗಳು ಮೂರು ಹಂತದವು, ಪುಟಸಂಖ್ಯೆಗಳು ಒಂದಂಕಿಯಿಂದ ಮೂರಂಕಿಯವರೆಗೆ ಇದ್ದವು, ಉಪಶೀರ್ಷಿಕೆಗಳಲ್ಲಿ 1.9ರ ಕೆಳಗೆ 1.10 ಬರುತ್ತಿತ್ತು, ಮತ್ತು ಒಂದು ಶೀರ್ಷಿಕೆ ಎರಡನೆಯ ಸಾಲಿಗೆ ಹರಿಯುವಷ್ಟು ಉದ್ದವಾಗಿತ್ತು. ಪರಿವಿಡಿ ಹದಗೆಡುವುದು ಸಾಮಾನ್ಯವಾಗಿ ಇಂಥ ಜಾಗಗಳಲ್ಲಿಯೇ. ಎಲ್ಲ ಶೀರ್ಷಿಕೆಗಳೂ ಚಿಕ್ಕವಾಗಿದ್ದು ಎಲ್ಲ ಪುಟಸಂಖ್ಯೆಗಳೂ ಎರಡಂಕಿಯವಾಗಿದ್ದರೆ ಯಾವ ವಿಧಾನವಾದರೂ ಚೆನ್ನಾಗಿಯೇ ಕಾಣುತ್ತದೆ.

ಮೊದಲನೆಯದು ಎಲ್ಲರೂ ಬಲ್ಲ ವಿಧಾನ: ಶೀರ್ಷಿಕೆ ಬರೆದು, ಪೂರ್ಣವಿರಾಮದ ಕೀಲಿಯನ್ನು ಒತ್ತಿ ಹಿಡಿದು ಚುಕ್ಕಿಗಳನ್ನು ತುಂಬಿ, ಕೊನೆಗೆ ಪುಟಸಂಖ್ಯೆ ಹಾಕುವುದು. ಇದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಇಂದಿನ ಅಕ್ಷರವಿನ್ಯಾಸಗಳಲ್ಲಿ ಪ್ರತಿ ಅಕ್ಷರದ ಅಗಲವೂ ಬೇರೆ. ಶೀರ್ಷಿಕೆ ಮುಗಿಯುವ ಜಾಗ ಸಾಲಿನಿಂದ ಸಾಲಿಗೆ ಬದಲಾಗುತ್ತದೆ, ಆದರೆ ನಾವು ಸೇರಿಸಬಲ್ಲದ್ದು ಇಡೀ ಚುಕ್ಕಿಗಳನ್ನು ಮಾತ್ರ. ಆದ್ದರಿಂದ ಒಂದು ಚುಕ್ಕಿ ಕಡಿಮೆಯಾದರೆ ಅಂಕಿ ಒಳಗೆ, ಒಂದು ಹೆಚ್ಚಾದರೆ ಹೊರಗೆ. ಪರದೆಯ ಮೇಲೆ ಕಷ್ಟಪಟ್ಟು ಸರಿಮಾಡಿದ್ದು ಫಾಂಟ್ ಬದಲಿಸಿದ ಕೂಡಲೇ ಕೆಡುತ್ತದೆ. ಸ್ಪೇಸ್‌ಬಾರ್ ಬಳಸಿದರೂ ಫಲ ಇದೇ.

ಎರಡನೆಯದು ಟ್ಯಾಬ್ ಸ್ಟಾಪ್. ಟ್ಯಾಬ್ ಕೀಲಿಯನ್ನು ಒತ್ತುವುದು ಬೇರೆ, ಟ್ಯಾಬ್ ಎಲ್ಲಿ ನಿಲ್ಲಬೇಕೆಂದು ಗೊತ್ತುಪಡಿಸುವುದು ಬೇರೆ. ಅನೇಕರ ಪರಿವಿಡಿ ಕೆಡುವುದು ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಡುವುದರಿಂದ. ವರ್ಡ್‌ನಲ್ಲಿ ಪರಿವಿಡಿಯ ಸಾಲುಗಳನ್ನೆಲ್ಲ ಆಯ್ಕೆಮಾಡಿ, ಪ್ಯಾರಾಗ್ರಾಫ್ ಡೈಲಾಗ್ ಬಾಕ್ಸಿನ ಕೆಳತುದಿಯಲ್ಲಿರುವ ಟ್ಯಾಬ್ಸ್ ಗುಂಡಿಯನ್ನು ಒತ್ತಿ, ಸ್ಥಾನ 14.65 ಸೆಂ.ಮೀ., ಅಲೈನ್‌ಮೆಂಟ್ ರೈಟ್, ಲೀಡರ್ 2 ಎಂದು ಕೊಟ್ಟರೆ ಕೆಲಸ ಮುಗಿಯಿತು. ಲೀಡರ್ 2 ಎಂದರೆ ಚುಕ್ಕಿಗಳ ಸಾಲು. ನಂತರ ಶೀರ್ಷಿಕೆಗೂ ಅಂಕಿಗೂ ನಡುವೆ ಒಂದೇ ಒಂದು ಟ್ಯಾಬ್ ಇರಬೇಕು, ಎರಡಿದ್ದರೆ ಅಂಕಿ ಮುಂದಿನ ಸಾಲಿಗೆ ಹಾರುತ್ತದೆ. ಇಲ್ಲಿ ರೈಟ್ ಎಂಬ ಆಯ್ಕೆಯೇ ಮುಖ್ಯ. ಎಡ ಟ್ಯಾಬ್ ಕೊಟ್ಟರೆ 9, 10, 100 ಈ ಮೂರೂ ಎಡ ಅಂಚಿನಲ್ಲಿ ಸಮನಾಗಿ ಬಲ ಅಂಚಿನಲ್ಲಿ ಮೆಟ್ಟಿಲಿನಂತೆ ಕಾಣುತ್ತವೆ; ಬಲ ಟ್ಯಾಬ್ ಕೊಟ್ಟರೆ ಬಿಡಿಸ್ಥಾನದ ಅಂಕಿಗಳು ಒಂದರ ಕೆಳಗೊಂದು ಬಂದು ನಿಲ್ಲುತ್ತವೆ.

ನೋಟಕ್ಕೆ ಈ ವಿಧಾನದಲ್ಲಿ ಕೊರತೆಯಿಲ್ಲ. ಕೊರತೆ ಇರುವುದು ಬಾಳಿಕೆಯಲ್ಲಿ. ಪುಟಸಂಖ್ಯೆಗಳನ್ನು ಕೈಯಾರೆ ಬರೆದಿರುವುದರಿಂದ ಮೂರನೆಯ ಅಧ್ಯಾಯಕ್ಕೆ ಒಂದು ಚಿತ್ರ ಸೇರಿಸಿದರೆ ಮುಂದಿನ ಅಂಕಿಗಳನ್ನೆಲ್ಲ ಮತ್ತೆ ನೋಡಬೇಕು. ಮಾರ್ಜಿನ್ ಬದಲಾದರೆ ಟ್ಯಾಬ್ ತಾನಿದ್ದಲ್ಲೇ ಇರುತ್ತದೆ, ಏಕೆಂದರೆ ಅದರ ಸ್ಥಾನವನ್ನು ಎಡ ಮಾರ್ಜಿನ್‌ನಿಂದ ಅಳೆದು ನಿಗದಿ ಮಾಡಲಾಗಿದೆ. ವರ್ಡ್ 2007ರಿಂದ ಇದಕ್ಕೊಂದು ಪರಿಹಾರವಿದೆ: ಹೆಡರ್, ಫೂಟರ್ ಪಟ್ಟಿಯಲ್ಲಿ ಕಾಣುವ ಇನ್ಸರ್ಟ್ ಅಲೈನ್‌ಮೆಂಟ್ ಟ್ಯಾಬ್ ಎಂಬುದು ಅಂಚನ್ನೇ ಆಧಾರವಾಗಿಟ್ಟುಕೊಳ್ಳುವುದರಿಂದ ಮಾರ್ಜಿನ್ ಬದಲಿಸಿದಾಗ ತಾನೂ ಸರಿಯುತ್ತದೆ. ಒಂದೆರಡು ಪುಟದ, ಇನ್ನು ಬದಲಾಗದ ಕಾರ್ಯಕ್ರಮ ಪಟ್ಟಿಗೋ ಅನುಬಂಧಗಳ ಯಾದಿಗೋ ಟ್ಯಾಬ್ ವಿಧಾನವೇ ನನಗೆ ಸಾಕೆನಿಸಿತು.

ಮೂರನೆಯದು ಗೆರೆಗಳಿಲ್ಲದ ಕೋಷ್ಟಕ. ಮೂರು ಕಾಲಂ ಮಾಡಿ, ಕ್ರಮಸಂಖ್ಯೆ, ಶೀರ್ಷಿಕೆ, ಪುಟ ಎಂದು ಹಂಚಿ, ಬಾರ್ಡರ್ ತೆಗೆದು, ಕೊನೆಯ ಕಾಲಂ ಅನ್ನು ಬಲಕ್ಕೆ ಜೋಡಿಸುವುದು ಇದರ ಕ್ರಮ. ಶುದ್ಧ ಟ್ಯಾಬ್ ಪ್ರಿಯರು ಇದನ್ನು ತಾತ್ಸಾರದಿಂದ ನೋಡುತ್ತಾರೆ, ಆದರೆ ಉದ್ದ ಶೀರ್ಷಿಕೆಯ ಪರೀಕ್ಷೆಯಲ್ಲಿ ಯಾವ ಹೆಚ್ಚಿನ ಹೊಂದಿಕೆಯೂ ಇಲ್ಲದೆ ಪಾಸಾದದ್ದು ಇದೊಂದೇ. ಶೀರ್ಷಿಕೆ ತನ್ನ ಕೋಶದೊಳಗೇ ಎರಡನೆಯ ಸಾಲಿಗೆ ಇಳಿಯುತ್ತದೆ, ಪುಟಸಂಖ್ಯೆಯ ಕಾಲಂಗೆ ನುಗ್ಗುವ ಪ್ರಶ್ನೆಯೇ ಇಲ್ಲ. ಪುಟದ ಕೋಶವನ್ನು ಕೆಳಕ್ಕೆ ಜೋಡಿಸಿದರೆ ಅಂಕಿ ಶೀರ್ಷಿಕೆಯ ಕೊನೆಯ ಸಾಲಿನ ನೇರಕ್ಕೆ ಬರುತ್ತದೆ. ಚುಕ್ಕಿ ಸಾಲು ಬೇಕಾದರೆ ಮಾತ್ರ ಕಷ್ಟ. ಕೋಷ್ಟಕದೊಳಗೆ ಟ್ಯಾಬ್ ಒತ್ತಿದರೆ ಕರ್ಸರ್ ಮುಂದಿನ ಕೋಶಕ್ಕೆ ಹೋಗುವುದರಿಂದ ಕಂಟ್ರೋಲ್ ಮತ್ತು ಟ್ಯಾಬ್ ಕೂಡಿಸಿ ಒತ್ತಬೇಕು, ಆ ಕೋಶಕ್ಕೇ ಬೇರೆ ಟ್ಯಾಬ್ ಸ್ಟಾಪ್ ಇಡಬೇಕು. ಪುಟಸಂಖ್ಯೆ ತಾನಾಗಿ ಬದಲಾಗಬೇಕೆಂದರೆ ಅಂಕಿಯ ಬದಲು ಕ್ರಾಸ್ ರೆಫರೆನ್ಸ್, ಅಂದರೆ ಆ ಶೀರ್ಷಿಕೆ ಇರುವ ಪುಟವನ್ನು ಹುಡುಕಿ ತೋರಿಸುವ ಕೊಂಡಿ, ಸೇರಿಸಬಹುದು. ಹಾಗೆ ಮಾಡಿದಾಗ ಕೋಷ್ಟಕವನ್ನು ಆಯ್ಕೆಮಾಡಿ ಎಫ್9 ಒತ್ತಿದರೆ ಹೊಸ ಅಂಕಿಗಳು ಬರುತ್ತವೆ. ಆದರೆ ಹೊಸ ಉಪಶೀರ್ಷಿಕೆ ಸೇರಿಸಿದಾಗಲೆಲ್ಲ ಹೊಸ ಅಡ್ಡಸಾಲನ್ನು ನಾವೇ ಸೇರಿಸಬೇಕು. ಲೇಖಕರ ಹೆಸರನ್ನೂ ಒಂದು ಕಾಲಂನಲ್ಲಿ ತೋರಿಸಬೇಕಾದ ಸಂಕಲನಗಳಿಗೆ ಇದಕ್ಕಿಂತ ಅನುಕೂಲವಾದ ದಾರಿ ನನಗೆ ಸಿಗಲಿಲ್ಲ.

ಇನ್ನು ತಾನಾಗಿ ಸಿದ್ಧವಾಗುವ ಪರಿವಿಡಿಗೆ ಬರೋಣ. ದೊಡ್ಡ ಕಡತದಲ್ಲಿ ನಿಜವಾದ ಸ್ಪರ್ಧೆ ಇರುವುದು ವರ್ಡ್ ಮತ್ತು ಲಿಬ್ರೆಆಫೀಸ್‌ನ ಬರಹ ತಂತ್ರಾಂಶವಾದ ರೈಟರ್‌ಗಳ ನಡುವೆ.

ವರ್ಡ್‌ನಲ್ಲಿ ಶೀರ್ಷಿಕೆಗಳಿಗೆ ಹೆಡಿಂಗ್ 1, 2, 3 ಎಂಬ ಸ್ಟೈಲ್‌ಗಳನ್ನು (ಬರಹದ ರೂಪವನ್ನು ಒಟ್ಟಿಗೆ ನಿಗದಿಪಡಿಸುವ ಸಿದ್ಧ ಅಚ್ಚುಗಳನ್ನು) ಕೊಟ್ಟು, ರೆಫರೆನ್ಸಸ್ ಪಟ್ಟಿಯಿಂದ ಪರಿವಿಡಿ ಸೇರಿಸಿದರೆ ಅದೊಂದು ಫೀಲ್ಡ್ ಆಗಿ, ಅಂದರೆ ವರ್ಡ್ ತಾನೇ ಲೆಕ್ಕಹಾಕಿ ತುಂಬುವ ಬರಹವಾಗಿ, ಬಂದು ಕೂರುತ್ತದೆ. ಅದರ ಪ್ರತಿ ಸಾಲಿನ ರೂಪವನ್ನು ನಿರ್ಧರಿಸುವುದು ಹೆಡಿಂಗ್ ಸ್ಟೈಲ್ ಅಲ್ಲ, ಟಿಒಸಿ (ಟೇಬಲ್ ಆಫ್ ಕಂಟೆಂಟ್ಸ್, ಅಂದರೆ ಪರಿವಿಡಿ) 1ರಿಂದ ಟಿಒಸಿ 9ರವರೆಗಿನ ಬೇರೆಯೇ ಸ್ಟೈಲ್‌ಗಳು. ಜೋಡಣೆ ಕೆಟ್ಟಾಗ ಕೈಹಾಕಬೇಕಾದದ್ದು ಇವುಗಳಿಗೆ. ಕಸ್ಟಮ್ ಟೇಬಲ್ ಆಫ್ ಕಂಟೆಂಟ್ಸ್ ತೆರೆದು ಮಾಡಿಫೈ ಗುಂಡಿ ಒತ್ತಿದರೆ ಅವುಗಳ ಪಟ್ಟಿ ಸಿಗುತ್ತದೆ. ಆ ಗುಂಡಿ ಮಂಕಾಗಿ ಒತ್ತಲು ಬಾರದಂತಿದ್ದರೆ ಫಾರ್ಮ್ಯಾಟ್ಸ್ ಎಂಬಲ್ಲಿ ಫ್ರಮ್ ಟೆಂಪ್ಲೇಟ್ ಆಯ್ದುಕೊಳ್ಳಬೇಕು.

ಈ ಸ್ಟೈಲ್‌ಗಳ ಒಂದು ಗುಣ ತಿಳಿದಿರಬೇಕು. ಮೂಲತಃ ಇವು ತಾವಾಗಿ ಅಪ್‌ಡೇಟ್ ಆಗುವ ಆಯ್ಕೆಯೊಂದಿಗೆ ಬರುತ್ತವೆ. ಹಾಗಾಗಿ ಪರಿವಿಡಿಯ ಒಂದು ಎರಡನೇ ಹಂತದ ಸಾಲಿನಲ್ಲಿ ಕರ್ಸರ್ ಇಟ್ಟು ರೂಲರ್ ಮೇಲಿನ ಟ್ಯಾಬ್ ಗುರುತನ್ನು ತುಸು ಎಳೆದರೆ, ಆ ಹಂತದ ಎಲ್ಲ ಸಾಲುಗಳೂ ಒಟ್ಟಿಗೆ ಸರಿಯುತ್ತವೆ. ಗೊತ್ತಿದ್ದವರಿಗೆ ಇದು ವರ. ಗೊತ್ತಿಲ್ಲದವರು ಒಂದು ಸಾಲು ಸರಿಪಡಿಸಲು ಹೋದರೆ ಉಳಿದವೂ ಕೆಡುತ್ತವಲ್ಲ ಎಂದು ತಲೆ ಚಚ್ಚಿಕೊಳ್ಳುತ್ತಾರೆ.

ನನ್ನ ಕಡತಕ್ಕೆ ಕೊನೆಗೆ ಒಪ್ಪಿದ ಅಳತೆಗಳು ಹೀಗಿದ್ದವು. ಇಂಡೆಂಟ್ ಎಂದರೆ ಬರಹ ಮಾರ್ಜಿನ್‌ನಿಂದ ಒಳಕ್ಕೆ ಸರಿಯುವ ದೂರ, ಹ್ಯಾಂಗಿಂಗ್ ಎಂದರೆ ಮೊದಲ ಸಾಲು ಆ ಇಂಡೆಂಟ್‌ನಿಂದ ಎಡಕ್ಕೆ ಚಾಚುವ ದೂರ. ಟಿಒಸಿ 1ಕ್ಕೆ ಎಡ ಇಂಡೆಂಟ್ 1 ಸೆಂ.ಮೀ., ಹ್ಯಾಂಗಿಂಗ್ 1 ಸೆಂ.ಮೀ.; ಟಿಒಸಿ 2ಕ್ಕೆ ಎಡ 2.25, ಹ್ಯಾಂಗಿಂಗ್ 1.25, ಟಿಒಸಿ 3ಕ್ಕೆ ಎಡ 3.75, ಹ್ಯಾಂಗಿಂಗ್ 1.5. ಇದರಿಂದ ಒಂದು ಹಂತದ ಕ್ರಮಸಂಖ್ಯೆ ಅದರ ಮೇಲಿನ ಹಂತದ ಬರಹದ ನೇರಕ್ಕೆ ಆರಂಭವಾಗುತ್ತದೆ, 1.9 ಮತ್ತು 1.10 ಎರಡರ ಮುಂದಿನ ಬರಹವೂ ಒಂದೇ ಜಾಗದಿಂದ ಶುರುವಾಗುತ್ತದೆ. ಬರಹ ಶುರುವಾಗುವ ಸ್ಥಾನದಲ್ಲಿಯೇ, ಅಂದರೆ ಎಡ ಇಂಡೆಂಟ್‌ನ ಅಳತೆಗೇ, ಒಂದು ಎಡ ಟ್ಯಾಬನ್ನೂ ಸ್ಟೈಲ್‌ನೊಳಗೆ ಇಡುವುದು ಒಳ್ಳೆಯದು. ಇಲ್ಲವಾದರೆ ಕ್ರಮಸಂಖ್ಯೆಯ ನಂತರ ವರ್ಡ್ ತನ್ನದೇ ಲೆಕ್ಕದ ಟ್ಯಾಬೊಂದನ್ನು ಸಾಲುಗಳಿಗೆ ಸೇರಿಸುವುದುಂಟು.

ಉದ್ದ ಶೀರ್ಷಿಕೆಗೆ ಇನ್ನೂ ಒಂದು ಉಪಾಯ ಬೇಕು. ಹಾಗೆಯೇ ಬಿಟ್ಟರೆ ಮೊದಲ ಸಾಲು ಬಲ ಅಂಚಿನವರೆಗೂ ಹರಿದು, ಪುಟಸಂಖ್ಯೆಗಳ ಕಂಬದೊಳಗೆ ಅಕ್ಷರಗಳು ನುಗ್ಗಿ ಕಾಣುತ್ತವೆ. ಮೂರೂ ಸ್ಟೈಲ್‌ಗಳಿಗೆ 1.25 ಸೆಂ.ಮೀ. ಬಲ ಇಂಡೆಂಟ್ ಕೊಟ್ಟು, ಬಲ ಟ್ಯಾಬನ್ನು ಮಾತ್ರ 14.65ರಲ್ಲೇ ಉಳಿಸಿದೆ. ಆಗ ಬರಹ 13.4 ಸೆಂ.ಮೀ.ಗೆ ಬಂದು ಮುರಿದು ಕೆಳಗಿಳಿಯುತ್ತದೆ, ಚುಕ್ಕಿ ಸಾಲು ಮತ್ತು ಅಂಕಿ ಇಂಡೆಂಟನ್ನು ದಾಟಿ ಅಂಚಿನವರೆಗೂ ಹೋಗುತ್ತವೆ. ಅಚ್ಚುಕಟ್ಟಾದ ಪುಸ್ತಕಗಳಲ್ಲಿ ಕಾಣುವ ಜೋಡಣೆ ಇದೇ.

ಶೀರ್ಷಿಕೆಯನ್ನು ನಮಗೆ ಬೇಕಾದಲ್ಲಿ ಮುರಿಯಲು ಶಿಫ್ಟ್ ಮತ್ತು ಎಂಟರ್ ಒತ್ತಿದ್ದರೆ ಆ ಮುರಿತವೂ ಪರಿವಿಡಿಗೆ ಬರುತ್ತದೆ, ಶೀರ್ಷಿಕೆಯ ಒಂದು ಪದವನ್ನು ಓರೆಯಾಗಿಸಿದ್ದರೆ ಆ ಓರೆಯೂ ಬರುತ್ತದೆ. ಇವುಗಳನ್ನು ಪರಿವಿಡಿಯಲ್ಲಿ ತಿದ್ದಿದರೆ ಪ್ರಯೋಜನವಿಲ್ಲ. ಅಪ್‌ಡೇಟ್ ಮಾಡುವಾಗ ವರ್ಡ್ ಎರಡು ಆಯ್ಕೆ ಕೇಳುತ್ತದೆ: ಪುಟಸಂಖ್ಯೆ ಮಾತ್ರ ಸಾಕೇ, ಇಡೀ ಪಟ್ಟಿ ಬೇಕೇ. ಎರಡನೆಯದನ್ನು ಆಯ್ದ ಕ್ಷಣ ಪಟ್ಟಿ ಮೊದಲಿನಿಂದ ಕಟ್ಟಲ್ಪಡುವುದರಿಂದ ಅಲ್ಲಿ ಕೈಯಾರೆ ಮಾಡಿದ ತಿದ್ದುಪಡಿಗಳು ಅಳಿದುಹೋಗುತ್ತವೆ. ಮೂಲ ಶೀರ್ಷಿಕೆಯಲ್ಲಿ ಅಥವಾ ಸ್ಟೈಲ್‌ನಲ್ಲಿ ಮಾಡಿದ್ದು ಮಾತ್ರ ಉಳಿಯುತ್ತದೆ.

ಲಿಬ್ರೆಆಫೀಸ್ ರೈಟರ್ ಇದೇ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡುತ್ತದೆ. ಪರಿವಿಡಿಯ ಮೇಲೆ ಬಲ ಕ್ಲಿಕ್ ಮಾಡಿ ಎಡಿಟ್ ಇಂಡೆಕ್ಸ್ ಆಯ್ದು, ಎಂಟ್ರೀಸ್ ಎಂಬ ಪುಟಕ್ಕೆ ಹೋದರೆ ಸ್ಟ್ರಕ್ಚರ್ ಎಂಬ ಒಂದು ಸಾಲು ಕಾಣುತ್ತದೆ. ಅದರಲ್ಲಿ ಕ್ರಮಸಂಖ್ಯೆಗೆ ಒಂದು ಗುಂಡಿ, ಶೀರ್ಷಿಕೆಗೆ ಒಂದು, ಟ್ಯಾಬ್‌ಗೆ ಒಂದು, ಪುಟಕ್ಕೆ ಒಂದು, ಹೀಗೆ ಪರಿವಿಡಿಯ ಒಂದು ಸಾಲು ಬಿಡಿಭಾಗಗಳಾಗಿ ಎದುರಿಗೆ ಹರಡಿರುತ್ತದೆ. ಟ್ಯಾಬ್‌ನ ಗುಂಡಿ ಒತ್ತಿದರೆ ತುಂಬುವ ಅಕ್ಷರ ಯಾವುದು, ಬಲಕ್ಕೆ ಜೋಡಿಸಬೇಕೇ ಎಂಬ ಪ್ರಶ್ನೆಗಳು ಅಲ್ಲೇ ಕೆಳಗೆ ಬರುತ್ತವೆ. ಅಲೈನ್ ರೈಟ್ ಎಂದು ಗುರುತು ಹಾಕಿದರೆ ಸೆಂಟಿಮೀಟರಿನ ಲೆಕ್ಕವೇ ಬೇಕಾಗುವುದಿಲ್ಲ. ಮಾರ್ಜಿನ್ ಬದಲಿಸಿ ಪರಿವಿಡಿಯನ್ನು ಅಪ್‌ಡೇಟ್ ಮಾಡಿದರೆ ಅಂಕಿಗಳು ಹೊಸ ಅಂಚಿಗೆ ಹೋಗಿ ನಿಲ್ಲುತ್ತವೆ. ಸ್ಥಿರ ಅಂಕಿ ಕೊಟ್ಟ ವರ್ಡ್ ಸ್ಟೈಲ್‌ಗಳಲ್ಲಿ ಈ ಸೌಕರ್ಯವಿಲ್ಲ, 14.65 ಅನ್ನು ನಾವೇ ತಿದ್ದಬೇಕು.

ಕ್ರಮಸಂಖ್ಯೆಗೂ ಶೀರ್ಷಿಕೆಗೂ ನಡುವೆ ಇನ್ನೊಂದು ಟ್ಯಾಬ್ ಸೇರಿಸಿ ಅದರ ಸ್ಥಾನ ಕೊಟ್ಟು, ಕಂಟೆಂಟ್ಸ್ 1, 2, 3 ಎಂಬ ಪ್ಯಾರಾಗ್ರಾಫ್ ಸ್ಟೈಲ್‌ಗಳಲ್ಲಿ ಇಂಡೆಂಟ್ ಹೊಂದಿಸಿದರೆ 1.9 ಮತ್ತು 1.10ರ ಸಮಸ್ಯೆಯೂ ಬಗೆಹರಿಯುತ್ತದೆ. ಸ್ಟ್ರಕ್ಚರ್ ಸಾಲನ್ನು ಪ್ರತಿ ಹಂತಕ್ಕೂ ಮತ್ತೆ ಕಟ್ಟಬೇಕಾಗಿಲ್ಲ, ಆಲ್ ಎಂಬ ಗುಂಡಿ ಒತ್ತಿದರೆ ಎಲ್ಲ ಹಂತಗಳಿಗೂ ಅನ್ವಯಿಸುತ್ತದೆ. ಏನು ಎಲ್ಲಿಂದ ಬರುತ್ತಿದೆ ಎಂಬುದು ಕಣ್ಣಿಗೆ ಕಾಣುವುದರಿಂದ, ಜೋಡಣೆಯ ಮರ್ಮ ಕಲಿಯುವವರಿಗೆ ರೈಟರ್ ವರ್ಡ್‌ಗಿಂತ ಉತ್ತಮ ಎಂಬುದು ನನ್ನ ಅಭಿಪ್ರಾಯ. ಪರಿವಿಡಿಯೊಳಗೆ ಟೈಪ್ ಮಾಡಲು ಅದು ಮೂಲತಃ ಬಿಡುವುದಿಲ್ಲ ಎಂಬುದೂ ಒಂದು ಗುಣವೇ. ಅಳಿದುಹೋಗುವ ತಿದ್ದುಪಡಿಗೆ ಕೈಹಾಕುವ ಆಸೆಯನ್ನು ಅದು ಮೊದಲೇ ತಡೆಯುತ್ತದೆ.

ಆದರೆ ಉದ್ದ ಶೀರ್ಷಿಕೆಯ ಪರೀಕ್ಷೆಯಲ್ಲಿ ರೈಟರ್ ಹಿಂದೆ ಬಿದ್ದಿತು. ಬಲ ಇಂಡೆಂಟ್ ಕೊಟ್ಟಾಗ ಬಲಕ್ಕೆ ಜೋಡಿಸಿದ ಟ್ಯಾಬ್ ಆ ಇಂಡೆಂಟನ್ನೇ ಅಂಚೆಂದು ತಿಳಿಯುವುದರಿಂದ ಬರಹದ ಜೊತೆಗೆ ಪುಟಸಂಖ್ಯೆಯೂ ಒಳಕ್ಕೆ ಸರಿಯಿತು. ವರ್ಡ್‌ನಲ್ಲಿ ಸಾಧ್ಯವಾದ, ಅಂಕಿಗಳಿಗೇ ಮೀಸಲಾದ ಕಂಬ ಇಲ್ಲಿ ಅದೇ ಉಪಾಯದಿಂದ ಸಿಗಲಿಲ್ಲ. ಶೀರ್ಷಿಕೆಗಳು ಒಂದೇ ಸಾಲಿನಲ್ಲಿ ಮುಗಿಯುವ ಕಡತವಾದರೆ ಇದು ಅಡ್ಡಿಯಲ್ಲ. ಸಂಶೋಧನಾ ಪ್ರಬಂಧಗಳ ಮಾರುದ್ದದ ಶೀರ್ಷಿಕೆಗಳಿದ್ದರೆ ಅಡ್ಡಿಯೇ.

ಗೂಗಲ್ ಡಾಕ್ಸ್ ಬಗ್ಗೆ ಕೆಲವೇ ಮಾತು. ಹೆಡಿಂಗ್‌ಗಳನ್ನು ಸರಿಯಾಗಿ ಕೊಟ್ಟಿದ್ದರೆ ಚುಕ್ಕಿ ಸಾಲಿನ ಪರಿವಿಡಿ ಕ್ಷಣದಲ್ಲಿ ಬರುತ್ತದೆ, ಅಂಕಿಗಳು ಬಲಕ್ಕೆ ನೇರವಾಗಿಯೇ ಇರುತ್ತವೆ. ಪುಟರಹಿತ ವಿನ್ಯಾಸದಲ್ಲಿ ಮಾತ್ರ ಪುಟಗಳೇ ಇಲ್ಲದ್ದರಿಂದ ಪುಟಸಂಖ್ಯೆಯೂ ಇರುವುದಿಲ್ಲ. ಹಲವರು ಕೂಡಿ ತಿದ್ದುತ್ತಿರುವ ಕರಡಿಗೆ ಇದು ಧಾರಾಳವಾಗಿ ಸಾಕು. ಆದರೆ ಪರಿವಿಡಿಯ ಪ್ರತಿ ಹಂತಕ್ಕೂ ಹೆಸರಿರುವ ಸ್ಟೈಲ್ ಇಟ್ಟು ಮಿಲಿಮೀಟರ್ ಲೆಕ್ಕದಲ್ಲಿ ಹೊಂದಿಸುವ ಸವಲತ್ತನ್ನು ಇಲ್ಲಿ ನಿರೀಕ್ಷಿಸಬಾರದು.

ನಾನು ಈಗ ನೂರು ಪುಟ ಮೀರಿದ, ಉದ್ದ ಶೀರ್ಷಿಕೆಗಳಿರುವ ಕೆಲಸಕ್ಕೆ ವರ್ಡ್‌ನ ಟಿಒಸಿ ಸ್ಟೈಲ್‌ಗಳನ್ನೂ, ಮಾರ್ಜಿನ್ ಇನ್ನೂ ತೀರ್ಮಾನವಾಗಿರದ ಕೆಲಸಕ್ಕೆ ರೈಟರನ್ನೂ ಆರಿಸಿಕೊಳ್ಳುತ್ತೇನೆ. ವರ್ಡ್ ಕಡತವನ್ನು ಮುದ್ರಣಕ್ಕೆ ಬೇರೆಯವರ ಕೈಗೆ ಕೊಡುವುದಿದ್ದರೆ ಒಂದು ಎಚ್ಚರ ಬೇಕು. ಆಪ್ಷನ್ಸ್‌ನ ಡಿಸ್‌ಪ್ಲೇ ವಿಭಾಗದಲ್ಲಿ ಮುದ್ರಿಸುವ ಮೊದಲು ಫೀಲ್ಡ್‌ಗಳನ್ನು ಅಪ್‌ಡೇಟ್ ಮಾಡುವ ಆಯ್ಕೆಯೊಂದಿದೆ, ಅವರ ಗಣಕದಲ್ಲಿ ಅದು ಆನ್ ಆಗಿದ್ದು ನಮ್ಮ ಫಾಂಟ್ ಅಲ್ಲಿ ಇಲ್ಲದಿದ್ದರೆ ಪುಟಗಳು ಸರಿದು ಪರಿವಿಡಿಯ ಅಂಕಿಗಳೂ ಬದಲಾಗಬಹುದು. ಹಾಗಾಗಿ ಪಿಡಿಎಫ್ ಮಾಡಿ ಕೊಡುವುದು ಸುರಕ್ಷಿತ. ವರ್ಡ್ ಕಡತವೇ ಬೇಕೆಂದರೆ ಒಂದು ಪ್ರತಿ ತೆಗೆದು, ಆ ಪ್ರತಿಯ ಪರಿವಿಡಿಯನ್ನು ಆಯ್ಕೆಮಾಡಿ ಕಂಟ್ರೋಲ್, ಶಿಫ್ಟ್, ಎಫ್9 ಮೂರನ್ನೂ ಒಟ್ಟಿಗೆ ಒತ್ತಿದರೆ ಫೀಲ್ಡ್ ಕಳಚಿಕೊಂಡು ಪರಿವಿಡಿ ಬರಿಯ ಬರಹವಾಗಿ ಉಳಿಯುತ್ತದೆ. ಟ್ಯಾಬ್‌ಗಳೂ ಇಂಡೆಂಟ್‌ಗಳೂ ಹಾಗೆಯೇ ಇರುತ್ತವೆ, ಇನ್ನು ಅಪ್‌ಡೇಟ್ ಆಗುವುದು ಮಾತ್ರ ಇಲ್ಲ. ಆದ್ದರಿಂದ ಮೂಲ ಕಡತದಲ್ಲಿ ಇದನ್ನು ಮಾಡಬಾರದು.