ಗಾಡಿ ಮಾರಿದ್ದೀರಿ ಸರಿ, ಆರ್‌ಸಿಯಲ್ಲಿ ಹೆಸರು ಯಾರದ್ದಿದೆ?

2007ರಲ್ಲಿ ಒಬ್ಬರು ತಮ್ಮ ಕಾರು ಮಾರಿದರು. ದುಡ್ಡು ಬಂತು, ಕೀ ಹೋಯಿತು. ಕೊಂಡವರು ಇನ್ನೊಬ್ಬರಿಗೆ ಮಾರಿದರು, ಅವರು ಮತ್ತೊಬ್ಬರಿಗೆ. ಆರ್‌ಸಿಯಲ್ಲಿ ಮಾತ್ರ ಮೊದಲಿನವರ ಹೆಸರೇ ಉಳಿಯಿತು. 2009ರಲ್ಲಿ ಆ ಕಾರು ರಿವರ್ಸ್ ಬರುತ್ತಾ, ನಡೆದು ಹೋಗುತ್ತಿದ್ದ ಹೆಂಗಸಿಗೂ ಜೊತೆಗಿದ್ದ ಹುಡುಗನಿಗೂ ಗುದ್ದಿತು. ಹುಡುಗ ತೀರಿಕೊಂಡ. ಪರಿಹಾರ ಯಾರು ಕೊಡಬೇಕು ಎಂಬ ಜಗಳ ಅಪಘಾತ ಪರಿಹಾರ ಟ್ರಿಬ್ಯುನಲ್‌ನಿಂದ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. 2018ರ ಫೆಬ್ರವರಿಯಲ್ಲಿ ತೀರ್ಪು ಬಂತು: ಆರ್‌ಸಿಯಲ್ಲಿ ಹೆಸರಿದ್ದವರೇ ಮಾಲೀಕರು, ಹೊಣೆಯೂ ಅವರದೇ. ಅಷ್ಟರಲ್ಲಿ ಅವರು ಕಾರು ಮಾರಿ ಹತ್ತು ವರ್ಷ ದಾಟಿತ್ತು.

ಗಾಡಿ ಎಷ್ಟು ಕೈ ಬದಲಾಯಿತು ಎಂದು ಗಾಯಾಳುಗಳು ಹುಡುಕಿಕೊಂಡು ಅಲೆಯಬಾರದು ಎಂಬುದು ಕೋರ್ಟಿನ ವಾದ. ಮಗು ಕಳೆದುಕೊಂಡ ಮನೆಯವರ ಕಡೆಯಿಂದ ನೋಡಿದರೆ ನ್ಯಾಯವೇ. ಹೆಸರು ನೋಂದಾಯಿಸಿದವರೇ ಮಾಲೀಕರು ಎಂದು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 2(30) ಕೂಡ ಹೇಳುತ್ತದೆ.

ನಮ್ಮಲ್ಲಿ ಎಡವಟ್ಟು ಶುರುವಾಗುವುದು ಸೆಕೆಂಡ್‌ಹ್ಯಾಂಡ್ ಗಾಡಿ ಅಂಗಡಿಯ ಮೇಜಿನ ಮೇಲೆ. 'ಇಲ್ಲಿ, ಇಲ್ಲಿ, ಇಲ್ಲಿ ಸೈನ್ ಹಾಕಿ ಸರ್, ಡೇಟ್ ಬೇಡ, ನಾವು ಹಾಕ್ಕೋತೀವಿ' ಎಂದು ಫಾರ್ಮ್ 29 (ಗಾಡಿ ಮಾರಿದ್ದನ್ನು ಆರ್‌ಟಿಒಗೆ ತಿಳಿಸುವುದು), ಫಾರ್ಮ್ 30ರ (ಹೆಸರು ಬದಲಿಸುವ ಅರ್ಜಿ) ಸೆಟ್ ಮುಂದಿಡುತ್ತಾರೆ. ಕೊಳ್ಳುವವರ ಹೆಸರಿನ ಜಾಗ ಖಾಲಿ. ಕಾರಣ ಸರಳ: ಅಂಗಡಿಯವರು ಗಾಡಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡರೆ ಶುಲ್ಕ ಎರಡು ಸಲ ಕಟ್ಟಬೇಕು, ಆರ್‌ಸಿಯಲ್ಲಿ 'ಸೆಕೆಂಡ್ ಓನರ್' ಇದ್ದದ್ದು 'ಥರ್ಡ್ ಓನರ್' ಆಗಿ ಬೆಲೆ ಬೀಳುತ್ತದೆ. ಹಾಗಾಗಿ ಗಿರಾಕಿ ಸಿಗುವವರೆಗೆ ಗಾಡಿ ನಿಮ್ಮ ಹೆಸರಲ್ಲೇ ಓಡುತ್ತದೆ. ಗಿರಾಕಿ ಸಿಕ್ಕ ಮೇಲೂ ಅವನು ಆರ್‌ಟಿಒಗೆ ಹೋಗದಿದ್ದರೆ ಅಂಗಡಿಯವರಿಗೆ ಆಗುವ ನಷ್ಟ ಏನೂ ಇಲ್ಲ. ಹಳೇ ಗಾಡಿ ಎಕ್ಸ್‌ಚೇಂಜ್ ಕೊಟ್ಟು ಹೊಸದು ತಂದವರ ಕಥೆಯೂ ಎಷ್ಟೋ ಸಲ ಇದೇ.

ಆಮೇಲೆ ಬರುವ ತೊಂದರೆಗಳಲ್ಲಿ ಹೆಲ್ಮೆಟ್ ದಂಡದ ಮೆಸೇಜ್ ತೀರಾ ಚಿಕ್ಕದು. ಸರಗಳ್ಳತನದ ಸಿಸಿಟಿವಿಯಲ್ಲಿ ನಂಬರ್ ಪ್ಲೇಟ್ ಸಿಕ್ಕರೆ ಪೊಲೀಸರು ಮೊದಲು ಬರುವುದು ನಿಮ್ಮ ಮನೆಗೆ. ಓಡಿಸಿದವರು ಯಾರು ಎಂದು ಅವರು ಕೇಳಿದರೆ ಸೆಕ್ಷನ್ 133ರ ಪ್ರಕಾರ ಮಾಲೀಕರು ಹೇಳಲೇಬೇಕು. ಕೊಂಡವನ ಹೈಸ್ಕೂಲ್ ಹುಡುಗ ಗಾಡಿ ಓಡಿಸಿ ಸಿಕ್ಕಿಬಿದ್ದರೆ ಸೆಕ್ಷನ್ 199ಎ ಪೋಷಕರ ಜೊತೆ ಮಾಲೀಕರನ್ನೂ ಹಿಡಿಯುತ್ತದೆ: 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ತನಗೆ ಗೊತ್ತಿರಲಿಲ್ಲ ಎಂದು ತೋರಿಸಿದರೆ ಪಾರಾಗಬಹುದು, ಆದರೆ ತೋರಿಸುವ ಕೆಲಸ ನಿಮ್ಮದು.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಇನ್ಶೂರೆನ್ಸ್ ಮುಗಿದ ಗಾಡಿಯದು. ಪಾಲಿಸಿ ಚಾಲ್ತಿಯಲ್ಲಿದ್ದರೆ, ಸೆಕ್ಷನ್ 157ರಂತೆ ಥರ್ಡ್ ಪಾರ್ಟಿ ವಿಮೆ ಗಾಡಿಯ ಜೊತೆಗೇ ಹೋಗುತ್ತದೆ, ಪರಿಹಾರ ಕಂಪನಿ ಕೊಡುತ್ತದೆ. ಕೊಂಡವನು ರಿನ್ಯೂ ಮಾಡಿಸದೆ ಓಡಿಸಿ ಗುದ್ದಿದನೋ, ಆ ಹಣ ಆರ್‌ಸಿಯಲ್ಲಿ ಇರುವವರ ತಲೆಗೆ. ಅಪಘಾತ ಪರಿಹಾರ ಟ್ರಿಬ್ಯುನಲ್‌ನಿಂದ ನಿಮ್ಮನ್ನು ಎದುರುದಾರರನ್ನಾಗಿಸಿ ಸಮನ್ಸ್ ಬರುತ್ತದೆ. 'ನಾನು ಮಾರಿ ಎಷ್ಟು ಕಾಲವಾಯ್ತು' ಎಂದು ಅದನ್ನು ಬೀರುವಿನಲ್ಲಿ ಇಟ್ಟು ಕೂತವರೇ ಹೆಚ್ಚು ಕೆಡುವುದು. ನೀವು ಹೋಗದಿದ್ದರೆ ನಿಮ್ಮ ಮಾತು ಕೇಳದೆಯೇ ಎಕ್ಸ್‌ಪಾರ್ಟೆ ಆದೇಶವಾಗುತ್ತದೆ, ಭೂಕಂದಾಯ ಬಾಕಿಯಂತೆ ವಸೂಲಿಗೆ ಸೆಕ್ಷನ್ 174 ಇದೆ. ಮೊದಲ ದಿನಾಂಕಕ್ಕೇ ವಕೀಲರ ಮೂಲಕ ಹಾಜರಾಗಿ, ಮಾರಾಟದ ಕಾಗದ, ಪಾಲಿಸಿ ಪ್ರತಿ ಹಾಕಿ, ಕೊಂಡವನನ್ನೂ ಪಾರ್ಟಿ ಮಾಡಿಸಿ.

ಮಾರುವಾಗ ಮಾಡಬೇಕಾದ್ದು ಇಷ್ಟು. ಕೊಳ್ಳುವವರ ಹೆಸರು, ವಿಳಾಸ, ದಿನಾಂಕ ತುಂಬಿದ ಮೇಲಷ್ಟೇ 29, 30ಕ್ಕೆ ಸಹಿ. ತುಂಬಿದ ಹಾಳೆಗಳ ಫೋಟೊ ಮೊಬೈಲಿನಲ್ಲಿರಲಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಮೊದಲು ಫಾರ್ಮ್ 35 ಕೊಟ್ಟು ತೆಗೆಸಿ, ಇಲ್ಲದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಬೇರೆ ರಾಜ್ಯಕ್ಕೆ ಹೋಗುವ ಗಾಡಿಗೆ ಫಾರ್ಮ್ 28ರ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ ಬೇಕು. ಮಾರಿದ 14 ದಿನದೊಳಗೆ ಫಾರ್ಮ್ 29 ನಿಮ್ಮ ಆರ್‌ಟಿಒಗೆ ಸೇರಬೇಕು, ಇದು ಕೊಂಡವರ ಕೆಲಸವಲ್ಲ, ನಿಮ್ಮದೇ. ಹೆಸರು ಬದಲಿಸಿಕೊಳ್ಳಲು ಅರ್ಜಿ ಹಾಕಲು ಕೊಂಡವರಿಗೆ 30 ದಿನ ಗಡುವು.

ಗಾಡಿ ಒಪ್ಪಿಸಿದ್ದಕ್ಕೆ ಬರೆದುಕೊಳ್ಳುವ ಡೆಲಿವರಿ ನೋಟ್‌ನಲ್ಲಿ ದಿನಾಂಕ ಬರೆದು ಗಂಟೆ ಬಿಡುತ್ತಾರೆ. 'ಮಧ್ಯಾಹ್ನ 3.40ಕ್ಕೆ, ಮೀಟರ್ 41,260 ಕಿ.ಮೀ.' ಎಂದು ಬರೆದು ಸಹಿ ಹಾಕಿಸಿಕೊಳ್ಳಿ. ಅದೇ ಸಂಜೆ ಅಪಘಾತವಾದರೆ ಆ ಒಂದು ಸಾಲಿಗೆ ಎಷ್ಟು ಬೆಲೆ ಎಂದು ಗೊತ್ತಾಗುತ್ತದೆ. ಚಾಸಿಸ್ ನಂಬರ್, ಎಂಜಿನ್ ನಂಬರ್, ಇಬ್ಬರು ಸಾಕ್ಷಿಗಳು, ಕೊಂಡವರ ಗುರುತಿನ ಚೀಟಿಯ ಪ್ರತಿ ಜೊತೆಗಿರಲಿ. ದುಡ್ಡು ಖಾತೆಗೇ ಬರಲಿ. ಹಾಗೆಂದು ಈ ನೋಟು ನೋಟರಿ ಮಾಡಿಸಿದರೂ ಮಾಲೀಕತ್ವ ಬದಲಿಸುವುದಿಲ್ಲ. ಸಾಧ್ಯವಾದರೆ ಕೊಳ್ಳುವವರಿಂದ ಐದೋ ಹತ್ತೋ ಸಾವಿರ ಠೇವಣಿಯಾಗಿ ಹಿಡಿದುಕೊಂಡು, ಸರ್ಕಾರಿ ಜಾಲತಾಣ ಪರಿವಾಹನ್‌ನಲ್ಲಿ ಹೆಸರು ಬದಲಾದದ್ದು ಕಂಡ ಮೇಲೆ ವಾಪಸು ಕೊಡಿ. ಚೌಕಾಸಿ ಆಗುವಾಗಲೇ ಇದನ್ನು ಮಾತಾಡಿಕೊಂಡರೆ ಯಾರೂ ಮುಖ ಸಿಂಡರಿಸುವುದಿಲ್ಲ.

ಅಂಗಡಿಗೆ ಕೊಡುವವರಿಗೆ 2023ರ ಏಪ್ರಿಲ್‌ನಿಂದ ಒಂದು ದಾರಿಯಿದೆ: ಆರ್‌ಟಿಒದಿಂದ ಅಧಿಕಾರ ಪತ್ರ ಪಡೆದ ಡೀಲರ್ ಆದರೆ ಫಾರ್ಮ್ 29ಸಿ ಮೂಲಕ ಗಾಡಿ ಒಪ್ಪಿಸಬಹುದು, ಅಲ್ಲಿಂದ ಹೊಣೆ ಡೀಲರದು. ಅಧಿಕಾರ ಪತ್ರ ತೋರಿಸಿ ಎಂದು ಕೇಳಿ. ಮಾತು ತೇಲಿಸಿದರೆ ಬೇರೆ ಅಂಗಡಿ ನೋಡಿ.

ಈಗಾಗಲೇ ಮಾರಿಬಿಟ್ಟು, ಕೊಂಡವನ ಫೋನ್ ಸ್ವಿಚ್ ಆಫ್ ಆಗಿದ್ದರೆ? ಕೈಯಲ್ಲಿರುವ ಪುರಾವೆಯ ಜೊತೆ ಫಾರ್ಮ್ 29 ಮತ್ತು ಒಂದು ಮನವಿ ಪತ್ರ ಬರೆದು ಆರ್‌ಟಿಒ ಕಚೇರಿಯಲ್ಲಿ ಕೊಟ್ಟು, ನಿಮ್ಮ ಪ್ರತಿಗೆ ಸೀಲು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಗಾಡಿಯ ನಂಬರಿನ ಮೇಲೆ ಬೇರೆ ವ್ಯವಹಾರ ತಡೆಹಿಡಿಯಲು ಅದರಲ್ಲೇ ಕೇಳಿ. ಕೊಂಡವನಿಗೆ ವಕೀಲರ ನೋಟಿಸು, ಠಾಣೆಗೆ ಲಿಖಿತ ದೂರು. 'ಇದು ಸಿವಿಲ್ ಮ್ಯಾಟರ್' ಎಂದು ಠಾಣೆಯಲ್ಲಿ ವಾಪಸು ಕಳಿಸಬಹುದು, ಸ್ವೀಕೃತಿ ಇಲ್ಲದೆ ಏಳಬೇಡಿ. ಇನ್ಶೂರೆನ್ಸ್ ಮುಗಿದಿದೆಯೇ ಎಂದು ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡಿ. ಮುಗಿದಿದ್ದರೆ ಕೈಯಿಂದ ದುಡ್ಡು ಹಾಕಿ ಥರ್ಡ್ ಪಾರ್ಟಿ ಪಾಲಿಸಿ ಮಾಡಿಸಿಬಿಡುವುದೇ ಜಾಣತನ. ಬೇರೆಯವನ ಗಾಡಿಗೆ ನಾನ್ಯಾಕೆ ಕಟ್ಟಲಿ ಎನಿಸುತ್ತದೆ ನಿಜ, ಆದರೆ ಕಾಗದದಲ್ಲಿ ಅದು ಇನ್ನೂ ನಿಮ್ಮದೇ.

ಗಾಡಿ ಕಳುವಾಗಿದೆ ಎಂದು ಸುಳ್ಳು ದೂರು ಕೊಡಲು ಹೇಳಿಕೊಡುವವರು ಸಿಗುತ್ತಾರೆ. ಅವರ ಮಾತು ಕೇಳಬೇಡಿ. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 217ರಲ್ಲಿ ಅದಕ್ಕೆ 1 ವರ್ಷದವರೆಗೆ ಶಿಕ್ಷೆ ಇದೆ, ಕೊಂಡವನ ಬಳಿ ನೀವು ಸಹಿ ಹಾಕಿದ ಫಾರ್ಮ್ ಬೇರೆ ಇರುತ್ತದೆ.